ಕಮ್ಯುನಿಟಿ ಕಾಲೇಜಲ್ಲಿ ಮ್ಯಾಥ್ಸ್ ಪಾಠ ಮಾಡಿ ಮನೆ ನಡೆಸೋಕಾಗುತ್ತಾ? (ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾ)

ಹಾಸನದವಳು:
ನಮಸ್ಕಾರ. ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಮ್ಯಾಥ್ಸ್ ಮಾಡಿ, ಹಾಸನದಲ್ಲಿ ಆರು ವರ್ಷ ಪಿಯು ಮಕ್ಕಳಿಗೆ ಪಾಠ ಮಾಡಿದ್ದೇನೆ. ಈಗ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇವೆ, ಎಚ್‌-4 ಇಎಡಿ (ಗಂಡನ ವೀಸಾ ಮೇಲೆ ಬಂದವರಿಗೆ ಸಿಗುವ ಕೆಲಸದ ಪರ್ಮಿಟ್) ಕೈಗೆ ಬಂದಿದೆ. ಎಲ್ಲರೂ ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿ ಅಂತಾರೆ. ನನಗೆ ಬೋರ್ಡ್ ಮುಂದೆ ನಿಲ್ಲೋದೇ ಇಷ್ಟ. ಇಲ್ಲಿಯ ಕಮ್ಯುನಿಟಿ ಕಾಲೇಜಲ್ಲಿ (ಎರಡು ವರ್ಷದ ಸರ್ಕಾರಿ ಕಾಲೇಜು) ಪಾರ್ಟ್ ಟೈಮ್ ಸೇರಿದರೆ ಜೀವನಕ್ಕಾಗುವಷ್ಟು ಬರುತ್ತಾ? ಬಿಎಡ್ ಬೇಕಾ?

ಡಿಕ್ಕಿ ಮೇಷ್ಟ್ರು:
ಬಿಎಡ್ ಬೇಡ, ಪಿಎಚ್‌ಡಿಯೂ ಬೇಡ. ಕ್ಯಾಲಿಫೋರ್ನಿಯಾದಲ್ಲಿ ಮ್ಯಾಥ್ಸ್ ಮಾಸ್ಟರ್ಸ್ ಸಾಕು. ಮಾರ್ಕ್ಸ್ ಕಾರ್ಡ್‌ಗಳನ್ನು ಮಾತ್ರ ಇಲ್ಲಿಯ ಏಜೆನ್ಸಿಯಿಂದ ಇವ್ಯಾಲ್ಯುಯೇಷನ್ (ಇಲ್ಲಿಯ ಯಾವ ಡಿಗ್ರಿಗೆ ಸಮ ಅನ್ನೋ ಪರಿಶೀಲನೆ) ಮಾಡಿಸಿ.

ದುಡ್ಡಿನ ವಿಷಯ ಹೇಳ್ತೀನಿ. ನಾನು ಹನ್ನೊಂದು ವರ್ಷದಿಂದ ಅಡ್ಜಂಕ್ಟ್, ಅಂದರೆ ಪಾರ್ಟ್ ಟೈಮ್ ಮೇಷ್ಟ್ರು. ಫುಲ್ ಟೈಮ್‌ನವರ ಲೋಡ್ ಸೆಮಿಸ್ಟರ್‌ಗೆ ಸಾಮಾನ್ಯವಾಗಿ 15 ಯುನಿಟ್ (ಹೆಚ್ಚುಕಮ್ಮಿ ವಾರಕ್ಕೆ ಅಷ್ಟು ಗಂಟೆ ಪಾಠ). ಒಂದೇ ಆಡಳಿತದ ಕಾಲೇಜುಗಳಿಗೆ ಇಲ್ಲಿ ಡಿಸ್ಟ್ರಿಕ್ಟ್ ಅಂತಾರೆ; ನಮಗೆ ಒಂದು ಡಿಸ್ಟ್ರಿಕ್ಟ್‌ನಲ್ಲಿ ಅದರ 67% ದಾಟಿ ಕೊಡಲ್ಲ, ಕಾನೂನೇ ಹಾಗಿದೆ. ಐದೈದು ಯುನಿಟ್‌ನ ಎರಡು ಕ್ಲಾಸ್, ಅಲ್ಲಿಗೆ ಮುಗೀತು. ಇನ್ನೂ ಬೇಕಾದರೆ ಪಕ್ಕದ ಡಿಸ್ಟ್ರಿಕ್ಟ್‌ಗೆ ಓಡಬೇಕು. ನಮ್ಮಂಥವರಿಗೆ ಇಲ್ಲಿ 'ಫ್ರೀವೇ ಫ್ಲೈಯರ್' ಅಂತ ಹೆಸರೇ ಇದೆ. ನನ್ನ ಕಾರಿನ ಡಿಕ್ಕಿಯೇ ಆಫೀಸು. ಎರಡು ರಟ್ಟಿನ ಡಬ್ಬ: 880 ಹೆದ್ದಾರಿಯ ಈ ತುದಿಯ ಕಾಲೇಜಿನ ಪೇಪರ್ ಒಂದರಲ್ಲಿ, ಆ ತುದಿಯದ್ದು ಇನ್ನೊಂದರಲ್ಲಿ. ಒಮ್ಮೆ ಅದಲುಬದಲಾಗಿ, ಕ್ಯಾಲ್ಕುಲಸ್ ಕ್ಲಾಸಿಗೆ ಸ್ಟ್ಯಾಟಿಸ್ಟಿಕ್ಸ್ ಟೆಸ್ಟ್ ಹಂಚಿಬಿಟ್ಟಿದ್ದೆ!

ಸಂಬಳ ಕ್ಲಾಸಿನ ಗಂಟೆ ಲೆಕ್ಕ. ರಾತ್ರಿ ಕೂತು ತಿದ್ದುವ ಎಪ್ಪತ್ತು ಪೇಪರ್‌ಗೆ ಬೇರೆ ಕೊಡಲ್ಲ. ಹೋದ ವರ್ಷ ಸೆಮಿಸ್ಟರ್ ಶುರುವಾಗೋಕೆ ನಾಲ್ಕೇ ದಿನ ಇರುವಾಗ ನನ್ನ ಒಂದು ಕ್ಲಾಸ್ ಹೋಯ್ತು. ಫುಲ್ ಟೈಮ್‌ನ ಒಬ್ಬರ ಕ್ಲಾಸಿಗೆ ಮಕ್ಕಳು ಸೇರಲಿಲ್ಲ, ಅವರಿಗೆ ನನ್ನದನ್ನು ಕೊಟ್ಟರು. ಸಿಲಬಸ್ ಬರೆದಿಟ್ಟಿದ್ದೆ, ಸುಮ್ನೆ ಕಳಿಸಿಕೊಟ್ಟೆ.

ಒಂದೇ ಸಂಬಳದಲ್ಲಿ ಇಲ್ಲಿಯ ಬಾಡಿಗೆ ಕಟ್ಟಿ ಬದುಕೋದು ಕಷ್ಟ ತಾಯಿ. ನಮ್ಮನೆಯಲ್ಲಿ ಇನ್ಶೂರೆನ್ಸ್ ಹೆಂಡತಿಯ ಕಂಪನಿಯದ್ದು. ನಾನು ಮೇಷ್ಟ್ರಾಗಿ ಉಳಿದಿರೋದೇ ಅದರಿಂದ.

ಸ್ಟ್ಯಾಟ್ಸ್ ಅಕ್ಕ:
ಒಂದು ಮಾತು ಸೇರಿಸ್ತೀನಿ. ಮೊದಲೆಲ್ಲ ಹೊಸಬರಿಗೆ ಬೇಸಿಕ್ ಆಲ್ಜೀಬ್ರಾ ಕ್ಲಾಸ್ ಸಿಗುತ್ತಿತ್ತು. ಆದಷ್ಟು ಮಕ್ಕಳನ್ನು ನೇರ ಕಾಲೇಜು ಮಟ್ಟದ ಕ್ಲಾಸಿಗೇ ಸೇರಿಸಬೇಕು ಅಂತ 2017ರಲ್ಲಿ ಎಬಿ 705 ಅನ್ನೋ ಕಾನೂನು ಬಂತು, 2019ರಿಂದ ಆ ಕ್ಲಾಸ್‌ಗಳು ತುಂಬಾ ಕಡಿಮೆಯಾದವು. ಈಗ ಜಾಸ್ತಿ ಮಕ್ಕಳು ನೇರ ಸ್ಟ್ಯಾಟಿಸ್ಟಿಕ್ಸ್‌ಗೇ ಬರ್ತಾರೆ, ಜೊತೆಗೊಂದು ಸಪೋರ್ಟ್ ಕ್ಲಾಸ್. ನಿಮ್ಮ ಎಂಎಸ್ಸಿಯ ಟೋಪಾಲಜಿ ಯಾರೂ ಕೇಳಲ್ಲ. ಸ್ಟ್ಯಾಟಿಸ್ಟಿಕ್ಸ್ ಉಜ್ಜಿಕೊಳ್ಳಿ.

ಹಾಸನದವಳು:
ಥ್ಯಾಂಕ್ಸ್. ಊರಲ್ಲೂ ಗೆಸ್ಟ್ ಆಗಿಯೇ ದುಡಿದವಳು ನಾನು, ಸಂಬಳ ಬರುವಾಗ ಬರುತ್ತಿತ್ತು. ಹಾಗಾಗಿ ಹೊಸ ಹೆದರಿಕೆ ಏನಿಲ್ಲ. ಯಜಮಾನರ ಸಂಬಳ ಇದೆ, ಅರ್ಜಿ ಹಾಕ್ತೀನಿ. ನನ್ನ ಇಂಗ್ಲಿಷ್ ಮಕ್ಕಳಿಗೆ ಅರ್ಥ ಆಗುತ್ತಾ?

ಡಿಕ್ಕಿ ಮೇಷ್ಟ್ರು:
ಆಗುತ್ತೆ. ಮೊದಲ ದಿನ ನಾನು 'ಝಡ್-ಸ್ಕೋರ್' ಅಂದೆ, ಇಡೀ ಕ್ಲಾಸ್ ಮುಖ ಮುಖ ನೋಡಿಕೊಂಡಿತು. ಇಲ್ಲಿ Z ಅಕ್ಷರಕ್ಕೆ 'ಝೀ' ಅಂತಾರೆ. ಅದೊಂದು ತಿದ್ದಿಕೊಳ್ಳಿ.