ಸಹಾಯ ಬೇಕು: ಟಿಯಾಗೊ ಇವಿಯಲ್ಲಿ ಮೈಸೂರಿನಿಂದ ಮಡಿಕೇರಿಗೆ

ಸದಸ್ಯರೆಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿರುವ ನಾವು 24 ಕಿಲೋವ್ಯಾಟ್-ಅವರ್ ಬ್ಯಾಟರಿಯ ಟಾಟಾ ಟಿಯಾಗೊ ಇವಿ (ವಿದ್ಯುತ್ ಕಾರು) ಕೊಳ್ಳಬೇಕೆಂದಿದ್ದೇವೆ. ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ 315 ಕಿಲೋಮೀಟರ್ ಓಡುತ್ತದೆ ಎಂದು ಬಿಡುಗಡೆಯ ಸಮಯದಲ್ಲಿ ಪ್ರಕಟವಾದದ್ದು ಪರೀಕ್ಷೆಯ ಅಂಕಿ. ರಸ್ತೆಯಲ್ಲಿ ಅಷ್ಟು ಸಿಗುವುದಿಲ್ಲವೆಂಬುದು ತಿಳಿದಿದೆ. ನನ್ನ ನಿಜವಾದ ಚಿಂತೆ, ವಯಸ್ಸಾದ ತಂದೆತಾಯಿಯನ್ನು ನೋಡಲು ಮಡಿಕೇರಿಗೆ ಹೋಗುವ ಸುಮಾರು 120 ಕಿಲೋಮೀಟರ್ ದಾರಿಯದು. ಕುಶಾಲನಗರ ದಾಟಿದ ಮೇಲಿನ ಏರಿನಲ್ಲಿ, ನಾಲ್ವರು ಕುಳಿತು ಏಸಿ ಹಾಕಿಕೊಂಡು ಹೋದಾಗ ಚಾರ್ಜ್ ಶೇಕಡಾ ಎಷ್ಟು ಇಳಿಯುತ್ತದೆ, ಮರಳುವಾಗ ಇಳಿಜಾರಿನಲ್ಲಿ ರೀಜನರೇಟಿವ್ ಬ್ರೇಕಿಂಗ್‌ನಿಂದ (ವೇಗ ತಗ್ಗಿಸುವಾಗ ಬ್ಯಾಟರಿಗೆ ಚಾರ್ಜ್ ಮರಳಿಸುವ ವ್ಯವಸ್ಥೆ) ಎಷ್ಟು ಮತ್ತೆ ತುಂಬುತ್ತದೆ ಎಂಬುದನ್ನು ಸ್ವತಃ ಓಡಿಸಿದವರು ದಯವಿಟ್ಟು ತಿಳಿಸಬೇಕು. ಡಿಸಿ ಫಾಸ್ಟ್ ಚಾರ್ಜರ್‌ನಲ್ಲಿ ಶೇಕಡಾ 10ರಿಂದ 80ಕ್ಕೆ ಸುಮಾರು ಒಂದು ಗಂಟೆ ಸಾಕು, ಸರಿ. ಆದರೆ ಊರಿನ ಮನೆಯಲ್ಲಿರುವುದು 15 ಆಂಪ್ ಸಾಕೆಟ್ ಮಾತ್ರ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುತ್ತಿರುವಾಗ ರಾತ್ರಿಯಿಡೀ ಚಾರ್ಜ್‌ಗೆ ಹಾಕಲು ಅರ್ಥಿಂಗ್, ವೈರಿಂಗ್ ಹೇಗಿರಬೇಕು?