ಪದಚರ್ಚೆ: ಕಪ್ಲಿಂಗ್ ‘ಸಡಿಲ’ ಅನ್ನಬೇಕೋ, ‘ಆಟ ಬಂದಿದೆ’ ಅನ್ನಬೇಕೋ?

ಎಲ್ಲರಿಗೂ ನಮಸ್ಕಾರ.

ಚನ್ನಗಿರಿ ಕಡೆ ನಮ್ಮದು ಅಡಿಕೆ ತೋಟ. 9 ಅಡಿ ಸಾಲಿನ ನಡುವೆ ಉಳಲು ಒಂದು ಹಳೇ ಚಿಕ್ಕ ಟ್ರ್ಯಾಕ್ಟರ್ ಇದೆ, ಫೋರ್‌ವೀಲ್ ಇರುವಂಥದ್ದು, ಅಂದರೆ ಬೇಕಾದಾಗ ಮುಂದಿನ ಚಕ್ರಕ್ಕೂ ಎಂಜಿನ್ ಶಕ್ತಿ ಕೊಡಬಹುದು. ಹೋದ ತಿಂಗಳು ಮುಂದಿನ ಚಕ್ರಕ್ಕೆ ಆ ಶಕ್ತಿ ಒಯ್ಯುವ ಶಾಫ್ಟಿನ (ತಿರುಗುವ ಉಕ್ಕಿನ ದಂಡ) ಎರಡೂ ಕಪ್ಲಿಂಗ್, ಅಂದರೆ ಅದನ್ನು ಜೋಡಿಸುವ ತುಂಡು, ಬದಲಾಯಿಸಿದೆವು. ಸುತ್ತಮುತ್ತ ಇಂಥದೇ ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಅನುಕೂಲವಾಗಲಿ ಅಂತ ಆ ಕೆಲಸವನ್ನು ಒಂದು ಪುಟದಲ್ಲಿ ಬರೆದು ಕೊಟ್ಟೆ.

‘ಕಪ್ಲಿಂಗ್ ಸಡಿಲವಾಗಿದ್ದರೆ ಬದಲಾಯಿಸಿ’ ಅಂತ ಅದರಲ್ಲಿತ್ತು. ಪಕ್ಕದ ತೋಟದವರು ಓದಿ, ಸ್ಪ್ಯಾನರ್ ಹಿಡಿದು ಟ್ರ್ಯಾಕ್ಟರ್ ಕೆಳಗೆ ಮಲಗಿ, ಯಾವ ಬೋಲ್ಟ್ ಬಿಗಿ ಮಾಡಬೇಕು ಅಂತ ಅರ್ಧ ದಿನ ಹುಡುಕಿದ್ದಾರೆ. ತಪ್ಪು ಅವರದ್ದಲ್ಲ. ಗಂಟು ಸಡಿಲ, ಹಗ್ಗ ಸಡಿಲ, ನಟ್ಟು ಸಡಿಲ. ಸಡಿಲ ಅಂದರೆ ಬಿಗಿ ಮಾಡಬಹುದು ಅಂತಲೇ ಅಲ್ವಾ? ಈ ಕಪ್ಲಿಂಗಿನಲ್ಲಿ ಬಿಗಿ ಮಾಡಲು ಏನೂ ಇಲ್ಲ.

ಅದೊಂದು ಗಿಡ್ಡ ಉಕ್ಕಿನ ಕೊಳವೆ. ಒಳಗೆ ಸುತ್ತಲೂ ಉದ್ದುದ್ದ ಹಲ್ಲು. ಶಾಫ್ಟಿನ ತುದಿಯಲ್ಲಿ ಹೊರಗಡೆ ಅಂಥದೇ ಹಲ್ಲು. ಒಂದರೊಳಗೊಂದು ಕೂತು ಜೊತೆಗೆ ತಿರುಗುತ್ತವೆ. ಜಾರದಂತೆ ಒಂದು ಲಾಕ್ ಇರುತ್ತದೆ, ಅಷ್ಟೇ. ನಮ್ಮದರ ಲಾಕ್ ತೆಗೆದು ಕೊಳವೆಯನ್ನು ಸರಿಸಿದಾಗ ಗ್ರೀಸಿನ ಪಸೆಯೇ ಇರಲಿಲ್ಲ. ಕುಂಕುಮದ ಹಾಗೆ ಕೆಂಪು ಪುಡಿ ಉದುರಿತು. ಹಲ್ಲಿನ ಮೇಲೆ ಬೆರಳಾಡಿಸಿದರೆ ಗರಗಸ ಮುಟ್ಟಿದ ಹಾಗೆ ಚೂಪು. ಹೊಸದರ ಹಲ್ಲಿಗೆ ತಲೆ ಚಪ್ಪಟೆ. ಇಂಥ ಟ್ರ್ಯಾಕ್ಟರಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಒಂಚೂರು ಜಾಸ್ತಿ ಓಡುವಂತೆ ಗೇರ್ ಕೂರಿಸಿರುತ್ತಾರೆ. ಹಸಿ ಮಣ್ಣಲ್ಲಿ ಚಕ್ರ ಜಾರಿ ಅದು ಸರಿಹೋಗುತ್ತದೆ. ಟಾರು ರಸ್ತೆಯಲ್ಲೂ ಫೋರ್‌ವೀಲ್ ಹಾಕಿಕೊಂಡೇ ಓಡಿಸಿದರೆ ಚಕ್ರ ಸುಲಭವಾಗಿ ಜಾರದೆ ಆ ಒತ್ತಡ ಈ ಹಲ್ಲುಗಳ ಮೇಲೂ ಬೀಳುತ್ತದೆ. ನಾವು ಮಾಡಿದ್ದೂ ಅದನ್ನೇ.

ಮೆಕ್ಯಾನಿಕ್ ಶಾಫ್ಟನ್ನು ಕೈಯಲ್ಲೇ ಹಿಂದಕ್ಕೂ ಮುಂದಕ್ಕೂ ತಿರುಗಿಸಿ, ‘ಕಟಕ್’ ಅನ್ನುವುದನ್ನು ಕೇಳಿಸಿ, ‘ಆಟ ಬಂದಿದೆ ಅಣ್ಣ, ಹೊಸದೇ ಹಾಕ್ಬೇಕು’ ಅಂದ. ಇದು ಇಂಗ್ಲಿಷಿನ ‘ಪ್ಲೇ’ ನೋಡಿ ಮಾಡಿಕೊಂಡ ಮಾತು ಅಂದುಕೊಂಡಿದ್ದೆ. ಈಗ ಹಾಗನ್ನಿಸುತ್ತಿಲ್ಲ. ಗಾಳಿ ಆಡುತ್ತದೆ, ಉಸಿರಾಡುತ್ತೇವೆ, ಕೈಯಾಡಿಸುತ್ತೇವೆ, ಓಡಾಡುತ್ತೇವೆ. ಅತ್ತಿತ್ತ ಸರಿದಾಡುವುದಕ್ಕೆ ನಮ್ಮಲ್ಲಿ ‘ಆಡು’ ಇದ್ದೇ ಇದೆ. ಹಲ್ಲು ಹಲ್ಲಿನ ನಡುವೆ ಆಡಲು ಜಾಗ ಸಿಕ್ಕಿದೆ, ಅದೇ ಆಟ. ಎಷ್ಟು ಚೆನ್ನಾಗಿದೆ!

ಸವೆದದ್ದಕ್ಕೆ ‘ಸವಕಳಿ’ ಬರೆಯಿರಿ ಅಂತ ಒಬ್ಬರು ಹೇಳಿದರು. ಅದು ಲೆಕ್ಕಪತ್ರಕ್ಕೂ ಮಣ್ಣಿಗೂ ಹೋಗಿಬಿಟ್ಟಿದೆ. ‘ಸವಕಲು ನಾಣ್ಯ’, ‘ಸವಕಲು ಚಪ್ಪಲಿ’ ಅನ್ನುವ ಹಾಗೆ ‘ಸವಕಲು ಕಪ್ಲಿಂಗ್’ ಅಂದರೆ ಕಣ್ಣಿಗೆ ಕಟ್ಟುತ್ತದೆ.

ಇನ್ನು ಕಪ್ಲಿಂಗ್. ‘ಕೊಂಡಿ’ ಸಾಲದು. ಕೊಂಡಿ ಎಳೆಯುತ್ತದೆ, ಇದು ತಿರುಗಿಸುತ್ತದೆ. ‘ಕೀಲು’ ಅಂದರೆ ಮೊಣಕಾಲಿನ ಹಾಗೆ ಮಡಚಬೇಕು. ಓರೆಯಾಗಿ ಬಾಗಿಕೊಂಡೇ ತಿರುಗುವ ಯೂನಿವರ್ಸಲ್ ಜಾಯಿಂಟಿಗಾದರೆ ಒಪ್ಪುತ್ತದೆ. ಬೋರ್‌ವೆಲ್ ಪೈಪ್ ಸೇರಿಸುವುದೂ ಕಪ್ಲಿಂಗೇ, ಅದು ಸುಮ್ನೆ ಹಿಡಿದುಕೊಂಡಿರುತ್ತದೆ. ಹಾಗಾಗಿ ಕಪ್ಲಿಂಗನ್ನು ಹಾಗೇ ಬಿಟ್ಟಿದ್ದೇನೆ. ರೈತರಿಗೆಲ್ಲ ಅದು ಗೊತ್ತು.

ನನ್ನ ಪ್ರಶ್ನೆ ‘ಆಟ’ದ ಬಗ್ಗೆ. ಇದು ನಮ್ಮ ಕಡೆಯ ಗ್ಯಾರೇಜಿನ ಮಾತು ಮಾತ್ರವೋ, ಧಾರವಾಡ, ಕಲಬುರಗಿ, ಮಂಗಳೂರು ಕಡೆಯೂ ಇದೆಯೋ? ನಮ್ಮ ತಾತ ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆಯಲ್ಲಿ ಹುಲ್ಲು ಸುಟ್ಟ ಮಸಿ ಕಲಸಿ ಕೀಲೆಣ್ಣೆ ಹಾಕುತ್ತಿದ್ದರು. ಅಚ್ಚು ಸವೆದು ಚಕ್ರ ಅತ್ತಿತ್ತ ಹೊಡೆದುಕೊಳ್ಳುವಾಗ ಅವರು ಏನನ್ನುತ್ತಿದ್ದರು ಅಂತ ಕೇಳಿಟ್ಟುಕೊಳ್ಳಲಿಲ್ಲ. ನಿಮ್ಮ ಮನೆಯಲ್ಲಿ ಗಾಡಿ ಹೂಡಿದ ಹಿರಿಯರಿದ್ದರೆ ದಯವಿಟ್ಟು ಕೇಳಿ ಬರೆಯಿರಿ. ಉಳುಮೆ ಶುರುವಾಗುವ ಮೊದಲು ಆ ಪುಟ ತಿದ್ದಿ ಕೊಡಬೇಕು.