ಬಾಗಲಕೋಟೆಯ ಮೂರು ಭಾಗಗಳ ನಡುವಿನ ಸಂಚಾರ: ರಸ್ತೆಯ ಅಗಲ ಸಾಲದೋ, ಕೊಂಡಿಗಳು ಸಾಲವೋ?

ವಿದ್ಯಾಗಿರಿಯ ವಿದ್ಯಾರ್ಥಿ:

ಎಲ್ಲರಿಗೂ ನಮಸ್ಕಾರ. ನಾನು ಸಿವಿಲ್ ಎಂಜಿನಿಯರಿಂಗ್ ಅಂತಿಮ ವರ್ಷದಲ್ಲಿ ಓದುತ್ತಿದ್ದು, ಹಳೆ ಬಾಗಲಕೋಟೆ, ವಿದ್ಯಾಗಿರಿ ಮತ್ತು ನವನಗರಗಳನ್ನು ಜೋಡಿಸುವ ರಸ್ತೆಜಾಲವನ್ನು ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದೇನೆ. ಬೆಳಿಗ್ಗೆ ಶಾಲೆ ಮತ್ತು ಕಚೇರಿಯ ಹೊತ್ತಿಗೆ ಮುಖ್ಯರಸ್ತೆಯ ಮೇಲೆ ವಾಹನಗಳು ತೆವಳುವುದನ್ನು ದಿನವೂ ನೋಡುತ್ತೇನೆ. ಆದರೆ ಮೂರು ಭಾಗಗಳನ್ನು ಮೂರು ಬಿಂದುಗಳೆಂದೂ ನಡುವಿನ ರಸ್ತೆಯನ್ನು ಎರಡು ಕೊಂಡಿಗಳೆಂದೂ ಹಿಡಿದು ಗಾಮಾ ಸೂಚ್ಯಂಕವನ್ನು ಲೆಕ್ಕ ಹಾಕಿದಾಗ 0.67 ಬಂದಿತು. ಅಂದರೆ ಸಾಧ್ಯವಿರುವ ಕೊಂಡಿಗಳಲ್ಲಿ ಮೂರನೇ ಎರಡು ಭಾಗ ಈಗಾಗಲೇ ಇದೆ ಎಂದಾಯಿತು. ಕಣ್ಣಿಗೆ ಕಾಣುವುದಕ್ಕೂ ಈ ಅಂಕಿಗೂ ತಾಳೆಯಾಗುತ್ತಿಲ್ಲ. ನಾನು ತಪ್ಪಿದ್ದು ಎಲ್ಲಿ? ರಸ್ತೆಯನ್ನು ಅಗಲ ಮಾಡಿದರೆ ಈ ತೊಂದರೆ ತೀರುತ್ತದೆಯೇ?

ನಿವೃತ್ತ ಅಭಿಯಂತರ:

ತಮ್ಮಾ, ನಿನ್ನ ಲೆಕ್ಕದಲ್ಲಿ ತಪ್ಪಿಲ್ಲ; ಮೂರೇ ಬಿಂದುಗಳಿರುವ ಜಾಲಕ್ಕೆ ಕೇಳಬಾರದ ಪ್ರಶ್ನೆಯನ್ನು ಕೇಳಿದ್ದೀಯಷ್ಟೆ. ಅದೇ ಅಂಕಿಗಳಿಂದ ಆವರ್ತಗಳ ಸಂಖ್ಯೆಯನ್ನು ತೆಗೆದು ನೋಡು. ಕೊಂಡಿಗಳು ಎರಡು, ಬಿಂದುಗಳು ಮೂರು, ಬಿಡಿಯಾದ ಜಾಲ ಒಂದು; 2 − 3 + 1 = 0. ಹೊರಟ ಜಾಗಕ್ಕೆ ಬೇರೆ ದಾರಿಯಿಂದ ಮರಳುವ ಒಂದು ಸುತ್ತೂ ಇಲ್ಲ ಎಂದು ಈ ಸೊನ್ನೆ ಹೇಳುತ್ತದೆ. ಸರಪಳಿಯ ಒಂದು ಕೊಂಡಿ ಕಳಚಿದರೆ ಊರು ಎರಡಾಗುತ್ತದೆ. ಹಳೆ ಊರಿನಿಂದ ನವನಗರಕ್ಕೆ ನೇರವಾಗಿ ಇನ್ನೊಂದು ರಸ್ತೆ ಸೇರಿದರೆ ಈ ಸೊನ್ನೆ ಒಂದಾಗುತ್ತದೆ, ಮತ್ತು ಆ ಒಂದರ ಬೆಲೆ ನಾಲ್ಕು ಪಥಗಳನ್ನು ಆರು ಮಾಡಿದ್ದಕ್ಕಿಂತ ಹೆಚ್ಚೆಂದು ನನ್ನ ಗಟ್ಟಿಯಾದ ಅಭಿಪ್ರಾಯ.

ಈ ಆಕಾರ ನಮಗೆ ಬಂದದ್ದು ಆಲಮಟ್ಟಿಯಿಂದ. ಜಲಾಶಯ 519.60 ಮೀಟರಿಗೆ ತುಂಬಿದಾಗ ಘಟಪ್ರಭೆಯ ಹಿನ್ನೀರು ಹಳೆ ಊರಿನ ಅಂಚಿಗೆ ಬಂದು ನಿಲ್ಲುತ್ತದೆ. ಮುಳುಗಡೆಯಾದವರಿಗಾಗಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು ಯೋಜಿಸಿದ ನವನಗರವು ಸೆಕ್ಟರುಗಳಾಗಿ ಬೇರೆ ಜಾಗದಲ್ಲಿ ಎದ್ದಿತು. ಪೇಟೆ ಹಳೆ ಊರಿನಲ್ಲೇ ಉಳಿಯಿತು, ಕಾಲೇಜುಗಳು ವಿದ್ಯಾಗಿರಿಯಲ್ಲಿದ್ದವು, ಜಿಲ್ಲಾಡಳಿತ ನವನಗರಕ್ಕೆ ಹೋಯಿತು. ಹೀಗಾಗಿ ಒಂದು ಮನೆಯ ದಿನದ ಮೂರು ಕೆಲಸಗಳು ಮೂರು ಕಡೆಗೆ ಹಂಚಿಹೋಗಿ, ಆ ಓಡಾಟದ ಬಹುಪಾಲು ಒಂದೇ ಮುಖ್ಯರಸ್ತೆಯ ಮೇಲೆ ಬೀಳುತ್ತಿದೆ.

ಇನ್ನೊಂದು ಮಾತು. ಮೂರು ಬಿಂದುಗಳನ್ನು ಬಿಟ್ಟು, ಪ್ರತಿಯೊಂದು ವೃತ್ತವನ್ನೂ ಕೂಡುರಸ್ತೆಯನ್ನೂ ಒಂದೊಂದು ಬಿಂದುವಾಗಿ ತೆಗೆದುಕೊಂಡು ಮತ್ತೆ ಲೆಕ್ಕ ಹಾಕು. ಹಳೆ ಊರಿನ ಓಣಿಗಳಲ್ಲಿ ಕೊಂಡಿಗಳು ಹೇರಳ, ಆದರೆ ಎದುರಿಗೆ ಒಂದು ಟಂಟಂ ಬಂದರೆ ಸಂಚಾರ ನಿಲ್ಲುತ್ತದೆ. ನವನಗರದಲ್ಲಿ ರಸ್ತೆಗಳು ಅಗಲವಾಗಿವೆ, ಆದರೆ ಸೆಕ್ಟರಿನೊಳಗಿನ ಬೀದಿಗಳಿಂದ ಹೊರಟವರೆಲ್ಲ ಕೊನೆಗೆ ಕೆಲವೇ ದೊಡ್ಡ ರಸ್ತೆಗಳಿಗೆ ಬಂದು ಕೂಡಬೇಕು. ಸಂಪರ್ಕ ಮತ್ತು ಹರಿವು ಎರಡು ಬೇರೆ ಗುಣಗಳೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನೀನು ಹುಡುಕಿಕೊಂಡು ಹೋಗಬೇಕಿಲ್ಲ.

ನವನಗರದ ಶಿಕ್ಷಕಿ:

ಸರ್ ಹೇಳಿದ ಸೊನ್ನೆಯ ಅರ್ಥ ನನಗೆ ಎರಡು ವರ್ಷಗಳ ಹಿಂದೆಯೇ ತಿಳಿದಿದೆ. ಹಳೆ ಊರಿನಲ್ಲಿರುವ ನಮ್ಮ ಅವ್ವನಿಗೆ ಎದೆನೋವು ಬಂದು ಆಂಬುಲೆನ್ಸಿನಲ್ಲಿ ನವನಗರದ ಕಡೆಗೆ ಕರೆತರುವಾಗ, ಕಬ್ಬು ತುಂಬಿದ ಟ್ರೇಲರ್ ಒಂದು ರಸ್ತೆಗೆ ಅಡ್ಡವಾಗಿ ಮಗುಚಿತ್ತು. ಚಾಲಕರು ಒಳದಾರಿಗಾಗಿ ಹಿಂದಕ್ಕೆ ತಿರುಗಿಸಲು ನೋಡಿದರೂ, ಅಷ್ಟರಲ್ಲಿ ಹಿಂದೆ ಬಸ್ಸುಗಳು ಸಾಲುಗಟ್ಟಿದ್ದವು. ಅವ್ವ ಉಳಿದಳು, ಆದರೆ ಆ ನಲವತ್ತು ನಿಮಿಷಗಳನ್ನು ನಾನು ಮರೆತಿಲ್ಲ. ಹೋಳಿಯ ದಿನಗಳಲ್ಲಿ ಬಣ್ಣದ ಬಂಡಿಗಳು ಹೊರಟಾಗ ಹಳೆ ಊರಿನ ಬೀದಿಗಳು ತುಂಬುತ್ತವೆ. ಅದು ನಮ್ಮ ಊರಿನ ಹೆಮ್ಮೆ, ಮೊದಲೇ ಗೊತ್ತಿರುವುದರಿಂದ ಜನ ಸಜ್ಜಾಗಿರುತ್ತಾರೆ. ಮುನ್ಸೂಚನೆಯಿಲ್ಲದೆ ರಸ್ತೆ ಮುಚ್ಚುವ ದಿನವೇ ಎರಡನೆಯ ದಾರಿ ಬೇಕಾಗುವುದು. ನಿಮ್ಮ ಪ್ರಾಜೆಕ್ಟಿನಲ್ಲಿ ದಿನನಿತ್ಯದ ವೇಗದ ಜೊತೆಗೆ ಇದನ್ನೂ ಒಂದು ಅಳತೆಯಾಗಿ ಸೇರಿಸಿರಿ.

ಸಂಚಾರ ಸಮೀಕ್ಷೆಯಲ್ಲಿ ದುಡಿದವರು:

ಕಬ್ಬಿನ ಮಾತು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ವಾಹನಗಳ ತಲೆ ಎಣಿಸುವವರು ತಪ್ಪುವುದು ಅಲ್ಲಿಯೇ. ರಸ್ತೆಗಳ ಮಾನದಂಡಗಳನ್ನು ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಹೊರತಂದ 106ನೇ ಮಾರ್ಗಸೂಚಿಯ ಪ್ರಕಾರ, ನಗರದ ರಸ್ತೆಯಲ್ಲಿ ಒಂದು ಬೈಕು ಅರ್ಧ ಕಾರಿಗೆ ಸಮ, ಆಟೊ 1.2 ಕಾರಿಗೆ, ಬಸ್ಸು ಅಥವಾ ಲಾರಿ 2.2 ಕಾರಿಗೆ, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ 4 ಕಾರಿಗೆ ಸಮ; ಆ ಬಗೆಯ ವಾಹನಗಳ ಪಾಲು ಶೇಕಡಾ 10ಕ್ಕೆ ಏರಿದಾಗ ಟ್ರ್ಯಾಕ್ಟರಿನ ಮಾನ 5 ಆಗುತ್ತದೆ. ಎರಡು ಪಥಗಳ ಪ್ರಧಾನ ರಸ್ತೆಗೆ ಅದೇ ಮಾರ್ಗಸೂಚಿ ಗಂಟೆಗೆ 1500 ಕಾರುಮಾನವನ್ನೂ (ಎಲ್ಲ ವಾಹನಗಳನ್ನೂ ಹೀಗೆ ಕಾರುಗಳ ಲೆಕ್ಕಕ್ಕೆ ತಂದ ಮೊತ್ತ), ವಿಭಜಕವಿರುವ ನಾಲ್ಕು ಪಥಗಳಿಗೆ 3600ನ್ನೂ ವಿನ್ಯಾಸದ ಪ್ರಮಾಣವಾಗಿ ಇಟ್ಟಿದೆ. ಗಂಟೆಗೆ 90 ಟ್ರ್ಯಾಕ್ಟರುಗಳು ಬಂದವೆಂದು ಇಟ್ಟುಕೊಳ್ಳಿ: 360 ಕಾರುಗಳ ಜಾಗ, ಅಂದರೆ ನಾಲ್ಕು ಪಥಗಳ ಹತ್ತನೇ ಒಂದು ಭಾಗ ಹೋಯಿತು. ರಸ್ತೆಯ ಬದಿಯಲ್ಲಿ ವಾಹನ ನಿಲ್ಲಿಸಿದರೆ ಆ 3600 ಕೂಡ ಸಿಗುವುದಿಲ್ಲ.

ಹರಿವನ್ನು ಅಳೆಯಲು ಉಪಕರಣಗಳಿಲ್ಲವೆಂದು ಚಿಂತಿಸಬೇಡಿ. ವಾರ್ಡ್ರಾಪ್ ಮತ್ತು ಚಾರ್ಲ್ಸ್‌ವರ್ತ್ ಎಂಬ ಸಂಶೋಧಕರು 1954ರಲ್ಲಿ ತೋರಿಸಿಕೊಟ್ಟ ಚಲಿಸುವ ವೀಕ್ಷಕನ ವಿಧಾನಕ್ಕೆ ಒಂದು ಕಾರು, ಒಂದು ಗಡಿಯಾರ ಮತ್ತು ಮೂವರು ಗೆಳೆಯರು ಸಾಕು. ಹೋಗುವಾಗ ಎದುರಾದ ವಾಹನಗಳನ್ನು ಎಣಿಸಿ. ಬರುವಾಗ ನಿಮ್ಮನ್ನು ಹಿಂದಿಕ್ಕಿದವುಗಳಿಂದ ನೀವು ಹಿಂದಿಕ್ಕಿದವುಗಳನ್ನು ಕಳೆದು ಅದಕ್ಕೆ ಕೂಡಿಸಿ. ಬಂದ ಮೊತ್ತವನ್ನು ಎರಡೂ ಪಯಣಗಳ ಒಟ್ಟು ಸಮಯದಿಂದ ಭಾಗಿಸಿದರೆ ಬರುವ ದಿಕ್ಕಿನ ಹರಿವು ಸಿಗುತ್ತದೆ. ನಡುವೆ ಅಡ್ಡರಸ್ತೆಗಳು ಹೆಚ್ಚಿರುವ ಕಡೆ ರಸ್ತೆಯನ್ನು ತುಂಡುಗಳಾಗಿ ಮಾಡಿಕೊಂಡು ಅಳೆಯಿರಿ.

ವಿದ್ಯಾಗಿರಿಯ ವಿದ್ಯಾರ್ಥಿ:

ಎಲ್ಲರಿಗೂ ಕೃತಜ್ಞತೆಗಳು. ಅಕ್ಕಾವರು ಹೇಳಿದ ಅಳತೆಯನ್ನು ಖಂಡಿತ ಸೇರಿಸುತ್ತೇನೆ. ಸರ್, ನೀವು ಹೇಳಿದ ಮೂರನೆಯ ಕೊಂಡಿಯನ್ನು ನಕ್ಷೆಯಲ್ಲಿ ಎಲ್ಲಿಂದ ಎಳೆಯಲು ತೊಡಗಲಿ?

ನಿವೃತ್ತ ಅಭಿಯಂತರ:

ಮೊದಲು ಗೆರೆ ಎಳೆಯಬೇಡ, ಎತ್ತರವನ್ನು ಗುರುತಿಸು. ಕೃಷ್ಣಾ ನದಿಯ ನೀರು ಹಂಚಿಕೆಯ ಎರಡನೆಯ ನ್ಯಾಯಮಂಡಳಿಯು 2010ರ ಡಿಸೆಂಬರಿನಲ್ಲಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಸಮ್ಮತಿಸಿದೆ. ಇಂದಿನ ದಡವನ್ನು ನಂಬಿ ರಸ್ತೆ ಹಾಕಿದರೆ ನಾಳೆ ಅದೂ ಮುಳುಗಡೆಯ ಪಟ್ಟಿಗೆ ಸೇರುತ್ತದೆ. ಆ ಎತ್ತರದ ಸಮೋನ್ನತ ರೇಖೆಯನ್ನು ನಕ್ಷೆಯ ಮೇಲೆ ಮೂಡಿಸಿ, ಅದಕ್ಕಿಂತ ಮೇಲೆ ಉಳಿಯುವ ನೆಲದಲ್ಲಿ ಮಾತ್ರ ದಾರಿ ಹುಡುಕು. ಎಣಿಕೆಯನ್ನಂತೂ ಕಾರ್ಖಾನೆಗಳು ಕಬ್ಬು ನುರಿಸುವ ದಿನಗಳಲ್ಲಿ ಒಮ್ಮೆ, ನುರಿಸುವುದು ನಿಂತ ಮೇಲೆ ಇನ್ನೊಮ್ಮೆ ಮಾಡು.